ಟ್ಯೂಬಿನ ಕಪ್ಪು

ಭಾನುವಾರ ಬೆಳಿಗ್ಗೆ ಅಚೋಲ್ ಮಹಡಿಯಿಂದ ಇಳಿದು ಬಂದಾಗ ಸಂಘಮಿತ್ರಾ ಹಿತ್ತಲ ನಲ್ಲಿಯ ಕೆಳಗೆ ಬ್ರಷ್ಷುಗಳನ್ನು ತೊಳೆಯುತ್ತಿದ್ದಳು. ಸುಂಕದಕಟ್ಟೆಯ ಆ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಅಚೋಲ್ ಬಾಡಿಗೆಗಿದ್ದು ಮೂರು ವರ್ಷವಾಗಿತ್ತು. ದಕ್ಷಿಣ ಸುಡಾನಿನಿಂದ ಫಾರ್ಮಸಿ ಓದಲು ಬಂದವಳು, ಈಗ ಕೊನೆಯ ವರ್ಷ. ಎರಡೆರಡು ಮೆಟ್ಟಿಲು ಹಾರಿ ಇಳಿಯುವುದು ಅವಳ ರೂಢಿ. ಅವತ್ತು ಒಂದೊಂದೇ ಮೆಟ್ಟಿಲು ಇಳಿದಳು. ಹತ್ತಿರ ಬಂದು ಫೋನನ್ನು ಸಂಘಮಿತ್ರಾಳ ಮುಖದ ಮುಂದೆ ಹಿಡಿದಳು.

"ಅಕ್ಕ, ಇದು ನಾನಾ?"

ಪರದೆಯ ಮೇಲೆ ಪ್ರದರ್ಶನವೊಂದರ ಆಮಂತ್ರಣ, ಅದರಲ್ಲೊಂದು ಪೇಂಟಿಂಗ್. ಸೊಂಟದ ಮೇಲೆ ಬಟ್ಟೆಯಿಲ್ಲದ ಹೆಂಗಸು. ಎದೆ ಮುಚ್ಚಿಯೂ ಮುಚ್ಚದ ಹಾಗೆ ಕೆಂಪು ಮಣಿಸರಗಳ ರಾಶಿ. ಒಂದು ಕೈ ಚಿರತೆಯ ತಲೆಯ ಮೇಲೆ. ಹಿಂದೆ ಬಾಳೆಯದೋ ಮತ್ತೆ ಯಾವುದರದೋ ದೊಡ್ಡ ದೊಡ್ಡ ಎಲೆಗಳು. ಮೈ ಪೂರ್ತಿ ಒಂದೇ ಮುದ್ದೆ ಕಪ್ಪು, ಹೊಸದಾಗಿ ಡಾಂಬರು ಹಾಕಿದ ರಸ್ತೆಯಂತೆ. ಆ ಕಪ್ಪಿನಲ್ಲಿ ಕಾಣುತ್ತಿದ್ದುದು ಎರಡೇ: ಕಣ್ಣಿನ ಬಿಳಿ, ತುಟಿಯ ಕೆಂಪು. ಕೆಳಗೆ ‘ಕಾಡಿನ ರಾಣಿ’ ಎಂಬ ಹೆಸರು. ಅದರ ಪಕ್ಕದಲ್ಲಿ, ಸಂಘಮಿತ್ರಾ ಕೆಲಸ ಮಾಡುವ ಸ್ಟುಡಿಯೋದ ಕಲಾವಿದ ಗಿರಿರಾಜನ ಹೆಸರು.

ಸಂಘಮಿತ್ರಾಳಿಗೆ ಮೊದಲು ಗುರುತು ಹತ್ತಲಿಲ್ಲ. ಆಮೇಲೆ ಕತ್ತು ಎಡಕ್ಕೆ ವಾಲಿದ ರೀತಿ ಕಂಡಿತು. ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಬಚ್ಚಿಟ್ಟುಕೊಂಡ ಎಡಗೈ ಕಂಡಿತು. ಅದನ್ನು ಬರೆದವಳು ತಾನೇ. ನಾಲ್ಕು ತಿಂಗಳ ಹಿಂದೆ ಬರೆದು ಮುಗಿಸಿದ್ದಳು.

"ಕಾಲೇಜ್ ಗ್ರೂಪಲ್ಲಿ ಹಾಕಿದಾರೆ," ಅಂದಳು ಅಚೋಲ್. ಅವಳ ಕನ್ನಡ ಸಂಘಮಿತ್ರಾಳ ತಾಯಿ ಪ್ರಭಾಳ ಅಡುಗೆಮನೆಯಲ್ಲಿ ಕಲಿತ ಕನ್ನಡ. ಸಿಟ್ಟು ಬಂದರೆ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ಹೊರಳುತ್ತಿತ್ತು. "ಕೆಳಗೆ ನೋಡು. ಯಾರೋ ಬಾಳೆಹಣ್ಣಿನ ಇಮೋಜಿ ಹಾಕಿದಾನೆ. ಹದಿನೇಳು ಜನ ನಕ್ಕಿದಾರೆ. ಇಬ್ಬರು ನನ್ನ ಲ್ಯಾಬ್ ಪಾರ್ಟ್‌ನರ್ಸ್."

"ಅಚೋಲ್, ನಾನು ಬರ್ದಿದ್ದು ಹೀಗಲ್ಲ."

"ಗೊತ್ತು. ನಾನು ಕೋಟ್ ಹಾಕಿ ಕೂತಿದ್ದೆ. ಕನ್ನಡಕ ಹಾಕಿದ್ದೆ. ಮೂರು ದಿನ ಕೂತೆ. ನೀನು ಅಲ್ಲೇ ಇದ್ದೆ." ಫೋನನ್ನು ಜೇಬಿಗೆ ಇಳಿಸಿದಳು. "ನನ್ನ ಕೋಟ್ ಎಲ್ಲಿ ಹೋಯ್ತು ಅಕ್ಕ?"

ಸಂಘಮಿತ್ರಾ ನಲ್ಲಿ ನಿಲ್ಲಿಸಿದಳು. ಒದ್ದೆ ಬ್ರಷ್ಷುಗಳನ್ನು ಕಲ್ಲಿನ ಮೇಲೆ ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟಳು. ಪ್ರಭಾ ಬಾಗಿಲಿಗೆ ಬಂದು ತಿಂಡಿ ತಿಂದು ಹೋಗೇ ಎಂದು ಕೂಗಿದ್ದು ಕಿವಿಗೆ ಬಿದ್ದಿತು, ತಿರುಗಿ ನೋಡಲಿಲ್ಲ. ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುವ ತಾಳ್ಮೆಯಿರಲಿಲ್ಲ. ಸಿಕ್ಕ ಆಟೋ ಹತ್ತಿ ರಾಜಾಜಿನಗರ ಅಂದಳು.

ಗಿರಿರಾಜನ ಸ್ಟುಡಿಯೋದಲ್ಲಿ ಅವಳು ಏಳು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಅವಳ ಕೆಲಸ ಮೈಬಣ್ಣ. ಗಿರಿರಾಜ್ ರೇಖೆ ಎಳೆಯುತ್ತಿದ್ದ, ಹಿನ್ನೆಲೆ ತುಂಬುತ್ತಿದ್ದ, ಕೊನೆಗೆ ಸಹಿ ಹಾಕುತ್ತಿದ್ದ. ನಡುವೆ ಮುಖ, ಕತ್ತು, ಕೈಕಾಲು ಎಲ್ಲವೂ ಅವಳ ಪಾಲು. ಕಪ್ಪು ಮೈಯನ್ನು ಅವಳಷ್ಟು ಚೆನ್ನಾಗಿ ಬರೆಯುವವರು ಈ ಊರಲ್ಲಿ ಇಲ್ಲ ಎಂದು ಅವನೇ ನಾಲ್ಕು ಜನರ ಮುಂದೆ ಹೇಳುತ್ತಿದ್ದ. ಹೇಳುವಾಗ ಅವಳ ಹೆಸರು ಮಾತ್ರ ಹೇಳುತ್ತಿರಲಿಲ್ಲ. ‘ನಮ್ಮ ಹುಡುಗಿ’ ಅನ್ನುತ್ತಿದ್ದ.

ಆ ಕೈಚಳಕ ಅವಳಿಗೆ ಬಂದದ್ದು ಅಜ್ಜಿ ರಾಮಕ್ಕನ ಸಾವಿನಿಂದ. ಹನ್ನೊಂದು ವರ್ಷದ ಹಿಂದೆ ರಾಮಕ್ಕ ತೀರಿಕೊಂಡಾಗ ಅಪ್ಪ ಮಹದೇವ್ ಅವಳ ಸಣ್ಣ ಫೋಟೋವೊಂದನ್ನು ದೊಡ್ಡದು ಮಾಡಲು ಫೋಟೋ ಸ್ಟುಡಿಯೋಗೆ ಕೊಟ್ಟಿದ್ದ. ಸ್ಟುಡಿಯೋದವನು ಮರಣಿಸಿದ ಮುದುಕಿಗೆ ಉಪಕಾರ ಮಾಡುವ ಹಾಗೆ ಗೋಧಿ ಬಣ್ಣ ಬಳಿದು ಕಳಿಸಿದ. ರಾಮಕ್ಕನ ತಮ್ಮ ಅಂಜಿನಯ್ಯ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇದ್ಯಾರ್ಲಾ ಮಾದೇವ, ಯಾರದ್ದೋ ಫೋಟೋ ಕೊಟ್ಟವ್ನೆ," ಅಂದಿದ್ದ. ಆಗ ಸಂಘಮಿತ್ರಾ ಚಿತ್ರಕಲಾ ಕಾಲೇಜಿನಲ್ಲಿ ಮೊದಲ ವರ್ಷ. ನಾನೇ ಬರೀತೀನಿ ಅಜ್ಜಿನ, ಎಂದು ಕೂತಳು. ಕಪ್ಪು ಟ್ಯೂಬು ಹಿಂಡಿ ಮುಖಕ್ಕೆ ಹಚ್ಚಿದಾಗ ಬಂದದ್ದು ಅಜ್ಜಿಯಲ್ಲ, ಕ್ಯಾನ್ವಾಸಿನಲ್ಲಿ ಒಂದು ತೂತು. ಟ್ಯೂಬಿನ ಕಪ್ಪಿಗೆ ಬೆಳಕು ಗೊತ್ತಿಲ್ಲ, ಬೆವರು ಗೊತ್ತಿಲ್ಲ. ಮೂರು ತಿಂಗಳು ತಿಣುಕಾಡಿದ ಮೇಲೆ ಅವಳಿಗೆ ತಿಳಿಯಿತು: ಸುಟ್ಟ ಮಣ್ಣಿನ ಕಂದು, ಗಾಢ ನೀಲಿ, ಕೆನ್ನೆಯ ಏರಿನಲ್ಲಿ ನೇರಳೆ, ಕಿವಿಯ ಹಿಂದೆ ಒಂದಿಷ್ಟು ಕೆಂಪು, ಹಣೆಯ ಮೇಲೆ ಆಕಾಶದ ತುಣುಕು. ಇಷ್ಟೆಲ್ಲ ಸೇರಿದರೆ ರಾಮಕ್ಕನ ಕಪ್ಪು. ಆ ಚಿತ್ರವನ್ನು ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ನೋಡಿಯೇ ಗಿರಿರಾಜ್ ಅವಳನ್ನು ಕೆಲಸಕ್ಕೆ ಕರೆದದ್ದು.

ಎರಡು ವರ್ಷದಿಂದ ಅವನಿಗೆ ಕಪ್ಪು ಜನರನ್ನು ಬರೆಯುವ ಹುಚ್ಚು ಹಿಡಿದಿತ್ತು. ಹೊರದೇಶಗಳಲ್ಲಿ ಕಪ್ಪು ಕಲಾವಿದರು ತಮ್ಮವರನ್ನೇ ಬರೆದು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳ ಗೋಡೆಗೇರಿಸಿದ್ದನ್ನು ನೋಡಿ ಬಂದಿದ್ದ. ಆ ಪುಸ್ತಕಗಳನ್ನು ಸ್ಟುಡಿಯೋದ ಮೇಜಿನ ಮೇಲೆ ಪೇರಿಸಿಟ್ಟಿದ್ದ. ಸಂಘಮಿತ್ರಾ ಊಟದ ಹೊತ್ತಿನಲ್ಲಿ ಅವನ್ನು ತಿರುವಿ ಹಾಕಿ ಮೈಮರೆಯುತ್ತಿದ್ದಳು. ಅವುಗಳಲ್ಲಿ ಕಪ್ಪು ಜನ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಮಗುವಿಗೆ ತಲೆ ಬಾಚುತ್ತಿದ್ದರು. ಸುಮ್ಮನೆ ಕಿಟಕಿಯಾಚೆ ನೋಡುತ್ತ ಏನನ್ನೋ ಯೋಚಿಸುತ್ತಿದ್ದರು. ಒಬ್ಬ ಕಲಾವಿದ ಎಲ್ಲರ ಮೈಯನ್ನೂ ಬೂದಿ ಬಣ್ಣದಲ್ಲಿ ಬರೆದಿದ್ದ, ಇನ್ನೊಬ್ಬಾಕೆ ಕಪ್ಪಿನೊಳಗೆ ಹತ್ತು ಕಪ್ಪು ತೋರಿಸಿದ್ದಳು. ಯಾರ ಕಣ್ಣಿನಲ್ಲೂ ‘ನನ್ನನ್ನು ನೋಡಿ’ ಎಂಬ ಬೇಡಿಕೆ ಇರಲಿಲ್ಲ. ನೋಡಿದರೆ ನೋಡಿ, ಬಿಟ್ಟರೆ ಬಿಡಿ.

ಅಂಥದ್ದೊಂದು ಚಿತ್ರ ನಮ್ಮಲ್ಲೂ ಆಗಲಿ ಎಂದೇ ಅವಳು ಅಚೋಲಳನ್ನು ಕರೆದುಕೊಂಡು ಹೋಗಿದ್ದು. ಅಚೋಲ್ ಒಪ್ಪಿದ್ದು ಗಿರಿರಾಜನಿಗಾಗಿ ಅಲ್ಲ, ಅಕ್ಕನಿಗಾಗಿ. ಲ್ಯಾಬ್ ಕೋಟು, ದಪ್ಪ ಫ್ರೇಮಿನ ಕನ್ನಡಕ, ತೊಡೆಯ ಮೇಲೆ ತೆರೆದ ಪುಸ್ತಕ. ಮೂರು ದಿನ ಕೂತಿದ್ದಳು. ಆ ಮುಖಕ್ಕೆ ಸಂಘಮಿತ್ರಾಳಿಗೆ ಮೂರು ವಾರ ಹಿಡಿದಿತ್ತು. ಮುಗಿದಾಗ ಗಿರಿರಾಜ್ ಹಿಂದೆ ಸರಿದು ನೋಡಿ, "ಅದ್ಭುತ," ಅಂದಿದ್ದ. ವಾರ್ನಿಷ್ ಹಚ್ಚಿ ಗೋಡೆಗೆ ಮುಖ ಮಾಡಿ ಇಟ್ಟಿದ್ದರು.

ಆಟೋ ನಿಂತಿತು. ಗಿರಿರಾಜನ ಮನೆಯ ನೆಲಮಾಳಿಗೆಯೇ ಅವನ ಗ್ಯಾಲರಿ. ಹನ್ನೊಂದು ಗಂಟೆಗೆ ಉದ್ಘಾಟನೆ. ಹೂವಿನ ಕುಂಡಗಳು ಬಂದಿದ್ದವು, ಬೇಗ ಬಂದ ನಾಲ್ಕಾರು ಜನ ಕಾಫಿ ಹಿಡಿದು ಗೋಡೆಯಿಂದ ಗೋಡೆಗೆ ಸುಳಿಯುತ್ತಿದ್ದರು. ಹನ್ನೆರಡು ಚಿತ್ರಗಳು. ಹನ್ನೆರಡರಲ್ಲೂ ಅವಳು ಬರೆದ ಮೈ. ಆದರೆ ಈಗ ಒಂದರಲ್ಲೂ ಅವಳು ಬರೆದ ಬಣ್ಣ ಉಳಿದಿರಲಿಲ್ಲ. ಹತ್ತು ದಿನ ಅವಳಿಗೆ ರಜೆ ಕೊಟ್ಟು ಗಿರಿರಾಜ್ ಎಲ್ಲದರ ಮೇಲೂ ಟ್ಯೂಬಿನ ಕಪ್ಪು ಎಳೆದಿದ್ದ. ಉಲ್ಲಾಳದ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಕಾಂಗೋದ ಹುಡುಗರ ಕೈಯಲ್ಲಿ ಚೆಂಡಿನ ಬದಲು ಈಟಿ. ಬಸ್ತ್ಯಾಂವ್ ಸಿದ್ದಿಯೆಂಬವನ ಸೊಂಟಕ್ಕೆ ಎಲೆ, ಕೊರಳಿಗೆ ಡೋಲು, ಹೆಸರು ‘ಆಫ್ರಿಕಾದ ಬೇಟೆಗಾರ’. ಅವನು ಹಳಿಯಾಳದ ಕಡೆಯವನು, ಶತಮಾನಗಳ ಹಿಂದೆಯೇ ಆಫ್ರಿಕಾದಿಂದ ಬಂದು ಇಲ್ಲಿಯವರೇ ಆದ ಸಿದ್ದಿ ಜನಾಂಗದವನು; ಮನೆಮಾತು ಕನ್ನಡ, ಕೊಂಕಣಿ. ಚಿತ್ರಕ್ಕೆ ಕೂತಾಗ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟಿದ್ದ.

"ಬಾ ಸಂಘಮಿತ್ರಾ, ಬೇಗ ಬಂದ್ಬಿಟ್ಟೆ," ಅಂದ ಗಿರಿರಾಜ್. ಕಪ್ಪು ರೇಷ್ಮೆಯ ಕುರ್ತಾ ತೊಟ್ಟಿದ್ದ. "ಲೈಟ್ ಒಂಚೂರು ಜಾಸ್ತಿ ಆಯ್ತಾ ನೋಡು."

"ಸಾರ್, ಅಚೋಲ್ ಕೋಟು ಎಲ್ಲಿ?"

"ಯಾವ ಕೋಟು?"

"ಬಿಳೀ ಕೋಟು. ಕನ್ನಡಕ. ಪುಸ್ತಕ. ನಾನು ಬರ್ದಿದ್ದೆ."

"ಓ, ಅದಾ." ಅವನು ನಕ್ಕ. ಅವಳ ತೋಳು ಹಿಡಿದು ಜನರಿಂದ ಸ್ವಲ್ಪ ದೂರ ಕರೆದೊಯ್ದ. "ಹೊಂದ್ತಾ ಇರ್ಲಿಲ್ಲ ಕಣಮ್ಮ. ಕೋಟು ಗೀಟು ಇಟ್ರೆ ಐಡಿ ಕಾರ್ಡ್ ಫೋಟೋ ಥರ. ನಂಗೆ ಆ ಮೂಲಶಕ್ತಿ ಬೇಕಿತ್ತು. ಗೌರವ ಅದು. ಸಾಮಾನ್ಯ ಹುಡುಗೀನ ರಾಣಿ ಮಾಡಿದೀನಿ ನಾನು."

"ಅವಳು ಔಷಧಿ ಓದೋ ಹುಡುಗಿ ಸಾರ್. ಚಿರತೆ ಮೊದ್ಲು ನೋಡಿದ್ದೇ ಬನ್ನೇರುಘಟ್ಟದಲ್ಲಿ, ಕಾಲೇಜ್ ಟ್ರಿಪ್ಪಲ್ಲಿ."

"ಅಕ್ಷರಶಃ ತಗೋಬಾರ್ದು. ಇವತ್ತು ಪ್ರಪಂಚದಲ್ಲೆಲ್ಲ ಕಪ್ಪು ಮನುಷ್ಯನ ಚಿತ್ರ ಅಂದ್ರೆ ಏನು ಬೆಲೆ ಇದೆ ಗೊತ್ತಾ? ಆ ಪುಸ್ತಕಗಳನ್ನ ನೀನೇ ನೋಡಿದೀಯ."

"ನೋಡಿದೀನಿ. ಅವ್ರು ಸೋಫಾ ಮೇಲೆ ಕೂರಿಸಿದಾರೆ ಸಾರ್. ನೀವು ಅವ್ರ ಕಪ್ಪು ತಗೊಂಡು ಸೋಫಾ ಬಿಟ್ಬಂದ್ರಿ."

ಗಿರಿರಾಜನ ನಗು ಇಳಿಯಿತು. ಅವಳನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ಅವನ ದೃಷ್ಟಿ ಅವಳ ಮುಂಗೈ ಮೇಲೆ ನಿಂತಿತು, ಅಲ್ಲಿಯ ಬಣ್ಣದ ಮೇಲೆ. "ಅರ್ಥ ಆಗುತ್ತೆ," ಅಂದ ಮೆತ್ತಗೆ, ಕರುಣೆ ತೋರಿಸುವವನಂತೆ. "ನಿಮ್ಮ ಕಡೆಯೋರಿಗೆ ಈ ಬಣ್ಣದ ವಿಷ್ಯ ಸ್ವಲ್ಪ ಸೂಕ್ಷ್ಮ. ಹೋಗಿ ಒಂದ್ ಕಾಫಿ ಕುಡಿ."

ನಿಮ್ಮ ಕಡೆಯವರು. ಏಳು ವರ್ಷದಲ್ಲಿ ಅವನು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆದರೆ ಅವಳಿಗೆ ಅದು ಹೊಸದೆನಿಸಲಿಲ್ಲ. ಏಳು ವರ್ಷದಿಂದ ಪ್ರತಿದಿನ ಆಡಿದ್ದನ್ನೇ ಈಗ ಗಟ್ಟಿಯಾಗಿ ಓದಿ ಹೇಳಿದ ಹಾಗಿತ್ತು. ಅವಳ ಊಟದ ಡಬ್ಬಿ ಬೇರೆ ಕಪಾಟಿನಲ್ಲಿದ್ದದ್ದು, ಗಣ್ಯರು ಬಂದಾಗ ಅವಳನ್ನು ಹಿಂದಿನ ಕೋಣೆಗೆ ಕಳಿಸುತ್ತಿದ್ದದ್ದು, ‘ನಮ್ಮ ಹುಡುಗಿ’.

ಅವಳು ಕಾಫಿ ಕುಡಿಯಲು ಹೋಗಲಿಲ್ಲ. ಹಿಂದಿನ ಕೋಣೆಗೆ ಹೋಗಿ ಟರ್ಪೆಂಟೈನ್ ಬಾಟಲಿಯನ್ನೂ ಹತ್ತಿಬಟ್ಟೆಯ ತುಂಡುಗಳನ್ನೂ ತಂದಳು. ಎಣ್ಣೆಬಣ್ಣಗಳಲ್ಲಿ ಕಪ್ಪು ಎಲ್ಲಕ್ಕಿಂತ ನಿಧಾನ ಒಣಗುತ್ತದೆ. ಹತ್ತು ದಿನದ ಕಪ್ಪು ಇನ್ನೂ ಹಸಿ; ಅದರಡಿಯ ಅವಳ ಚಿತ್ರ ಒಣಗಿ ವಾರ್ನಿಷ್ಷಿನ ಹೊದಿಕೆಯೊಳಗೆ ಭದ್ರ. ಬಟ್ಟೆಯನ್ನು ನೆನೆಸಿ ‘ಕಾಡಿನ ರಾಣಿ’ಯ ಹಣೆಯ ಮೇಲೆ ಇಟ್ಟು ಉಜ್ಜಿದಳು.

ಕಪ್ಪು ಬಟ್ಟೆಗೆ ಬಂತು. ಹಣೆ ಕಂಡಿತು, ನೀಲಿ ಛಾಯೆಯ ಹಣೆ. ಇನ್ನೊಂದು ಬಟ್ಟೆ. ಹುಬ್ಬು, ಕನ್ನಡಕದ ಫ್ರೇಮು, ಗಾಜಿನ ಮೇಲೆ ಅವಳೇ ಇಟ್ಟಿದ್ದ ಟ್ಯೂಬ್‌ಲೈಟಿನ ಸಣ್ಣ ಹೊಳಪು. ಕಾಫಿ ಹಿಡಿದ ಹೆಂಗಸೊಬ್ಬಳು, ಇದೇನೋ ಪ್ರದರ್ಶನದ ಭಾಗವೇ ಇರಬೇಕೆಂದು ಫೋನ್ ಎತ್ತಿ ವಿಡಿಯೋ ಮಾಡತೊಡಗಿದಳು. ಸಂಘಮಿತ್ರಾ ತುಟಿಯ ಕೆಂಪನ್ನು ಒರೆಸಿದಳು. ಮಣಿಸರಗಳನ್ನು ಒರೆಸಿದಳು. ಕೋಟಿನ ಕಾಲರು ಬೆಳ್ಳಗೆ ಮೇಲೆದ್ದಿತು. ಅಷ್ಟರಲ್ಲಿ ಗಿರಿರಾಜ್ ಬಂದು ಅವಳ ಮಣಿಕಟ್ಟನ್ನು ಹಿಂದಿನಿಂದ ಹಿಡಿದು ತಿರುಚಿದ.

"ಹುಚ್ಚು ಹಿಡಿದಿದ್ಯಾ ನಿಂಗೆ?"

"ಕೈ ಬಿಡಿ ಸಾರ್."

"ಇದು ನನ್ನ ಚಿತ್ರ."

"ಮುಖ ನಾನು ಬರ್ದಿದ್ದು. ಮುಖ ಅವಳದ್ದು. ನಿಮ್ಮದು ಚಿರತೆ. ಅದನ್ನ ನಾನು ಮುಟ್ಟಿಲ್ಲ."

ಕೈ ಬಿಡಿಸಿಕೊಂಡು ಇನ್ನೊಂದು ಸಲ ಒರೆಸಿದಳು. ಅವನು ಪೊಲೀಸರಿಗೆ ಫೋನ್ ಮಾಡುತ್ತಿದ್ದುದು ಕೇಳಿಸುತ್ತಲೇ ಇತ್ತು.

ಠಾಣೆಯಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಕೈಯಿಂದ ಟರ್ಪೆಂಟೈನಿನ ವಾಸನೆ ಹೊಡೆಯುತ್ತಿತ್ತು. ಗಿರಿರಾಜ್ ಸಬ್ ಇನ್‌ಸ್ಪೆಕ್ಟರ್ ಎದುರು ಕುರ್ಚಿಯಲ್ಲಿ ಕೂತು ಕಲಾಕೃತಿಗೆ ಹಾನಿ ಎಂದು ದೂರು ಬರೆಸುತ್ತಿದ್ದ. ಮಹದೇವ್ ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದ. ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಯೂನಿಯನ್ನಿನಲ್ಲಿ ಹನ್ನೆರಡು ವರ್ಷ ಓಡಾಡಿದವನು. ಠಾಣೆಯ ಬೆಂಚು ಅವನಿಗೆ ಅಪರಿಚಿತವಲ್ಲ. ಮಗಳ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಕೇಳಿಸಿಕೊಂಡ.

"ನಿನ್ನ ಸಿಟ್ಟು ಸರಿ," ಅಂದ. "ನಾನಾಗಿದ್ರೂ ಒರೆಸ್ತಿದ್ದೆ. ಆದ್ರೆ ಅಚೋಲ್‌ನ ಕೇಳಿದ್ಯಾ?"

"ಏನು ಕೇಳೋದು ಅಪ್ಪ? ಬೆಳಿಗ್ಗೆ ಬಂದು ತೋರ್ಸಿದ್ದೇ ಅವಳು."

"ತೋರಿಸಿದ್ಲು. ಏನು ಮಾಡ್ಬೇಕು ಅಂತ ಹೇಳಿದ್ಲಾ?"

ಅಷ್ಟರಲ್ಲಿ ಬಾಗಿಲಲ್ಲಿ ಅಚೋಲ್ ಕಂಡಳು. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಸಂಘಮಿತ್ರಾ ಎದ್ದು ಹತ್ತಿರ ಹೋದಳು. ಅಚೋಲ್ ಅವಳನ್ನು ವೆರಾಂಡಾದ ಮೂಲೆಗೆ ಕರೆದು ನಿಲ್ಲಿಸಿದಳು. ಇಂಗ್ಲಿಷಿನಲ್ಲಿ ಮಾತಾಡಿದಳು, ತಗ್ಗಿದ ದನಿಯಲ್ಲಿ, ಒಂದೊಂದು ಮಾತೂ ಕಲ್ಲಿಟ್ಟ ಹಾಗೆ.

"ವಿಡಿಯೋ ಎಲ್ಲ ಕಡೆ ಬಂದಿದೆ. ಮೊದಲು ನನ್ನ ಬೆತ್ತಲೆ ಮಾಡಿದ ಚಿತ್ರ ನೋಡಿ ಹದಿನೇಳು ಜನ ನಕ್ಕಿದ್ದರು. ಈಗ ಸಾವಿರಾರು ಜನ ನೋಡುತ್ತಿದ್ದಾರೆ. ಅದರಲ್ಲಿ ನನ್ನ ಮುಖ ಸ್ಪಷ್ಟವಾಗಿ ಕಾಣುತ್ತಿದೆ. ನೀನು ಒರೆಸಿ ಕೊಟ್ಟೆ."

"ಅಚೋಲ್, ನಾನು ನಿನಗೋಸ್ಕರ..."

"ನನಗೋಸ್ಕರ ಅಲ್ಲ. ನಿನಗೆ ಸಿಟ್ಟು ಬಂತು, ನೀನು ಒರೆಸಿದೆ. ನಿನಗೆ ಸಿಟ್ಟು ಮಾಡಿಕೊಳ್ಳುವುದಕ್ಕೆ ಊರಿದೆ, ಅಪ್ಪ ಇದ್ದಾರೆ. ನನಗೆ ವೀಸಾ ಇದೆ. ಆಗಸ್ಟಿನವರೆಗೆ. ಠಾಣೆಯ ಕಾಗದದಲ್ಲಿ ನನ್ನ ಹೆಸರು ಬಂದರೆ ಅದನ್ನು ಮುಂದುವರಿಸುವವರು ಅದೇ ಕಾಗದ ನೋಡುತ್ತಾರೆ. ಇದು ನಿನಗೆ ಹೊಳೆಯಿತಾ?"

ಹೊಳೆದಿರಲಿಲ್ಲ.

"ನಾನು ಅವನಿಗೆ ಕೂತಿರಲಿಲ್ಲ, ನಿನಗೆ ಕೂತಿದ್ದೆ. ಕೆಳಗೆ ಅವನು ಸಹಿ ಹಾಕುತ್ತಾನೆ ಅಂತ ನೀನು ಹೇಳಿದ್ದೆಯಾ? ಆಮೇಲೆ ಏನು ಬೇಕಾದರೂ ಮಾಡಬಹುದು ಅಂತ ಹೇಳಿದ್ದೆಯಾ?" ಫೈಲನ್ನು ಇನ್ನೊಂದು ಕೈಗೆ ಬದಲಿಸಿದಳು. ಆಮೇಲೆ ಕನ್ನಡದಲ್ಲಿ ಅಂದಳು, "ಈಗ ನಾನು ಮಾತಾಡ್ತೀನಿ. ನೀನು ಸುಮ್ನೆ ಇರು."

ಒಳಗೆ ಸಬ್ ಇನ್‌ಸ್ಪೆಕ್ಟರ್ ಅವಳನ್ನು ನೋಡಿದ ತಕ್ಷಣ ಪಕ್ಕದ ಪೇದೆಗೆ, "ಇವರ ವೀಸಾ ಗೀಸಾ ನೋಡ್ರಿ ಮೊದ್ಲು," ಅಂದ. ಅಚೋಲ್ ಆಗಲೇ ಫೈಲು ಬಿಚ್ಚಿದ್ದಳು. ಪಾಸ್‌ಪೋರ್ಟ್, ನೋಂದಣಿ ಪತ್ರ, ಕಾಲೇಜಿನ ಪತ್ರ, ಬಾಡಿಗೆ ಕರಾರು. ಕೇಳುವ ಮೊದಲೇ ಒಂದರ ಪಕ್ಕ ಒಂದು ಮೇಜಿನ ಮೇಲೆ ಇಟ್ಟಳು. ಈ ದೇಶಕ್ಕೆ ಬಂದ ಐದು ವರ್ಷದಲ್ಲಿ ಎಷ್ಟು ಮೇಜುಗಳ ಮೇಲೆ ಹೀಗೆ ಇಟ್ಟಿದ್ದಳೋ. ಪೇದೆ ಎಲ್ಲವನ್ನೂ ತಿರುವಿ ನೋಡಿ, ಸರಿ ಇದೆ ಸಾರ್, ಅಂದ.

"ನಾನು ದೂರು ಕೊಡಬೇಕು," ಅಂದಳು ಅಚೋಲ್. "ಕನ್ನಡದಲ್ಲೇ ಹೇಳ್ತೀನಿ. ತಪ್ಪಾದ್ರೆ ಇವರು ಸರಿ ಮಾಡ್ತಾರೆ." ಮಹದೇವನನ್ನು ತೋರಿಸಿದಳು. "ಈ ಸಾರ್ ಮನೇಲಿ ನಾನು ಕೋಟ್ ಹಾಕಿ ಕೂತೆ. ಫೋಟೋ ತೆಗೆದ್ರು, ಎಪ್ಪತ್ತು ಎಂಬತ್ತು. ನಾನು ಯಾವ ಕಾಗದಕ್ಕೂ ಸೈನ್ ಹಾಕಿಲ್ಲ. ಇವರು ಕೋಟ್ ತೆಗೆದು ಚಿತ್ರ ಮಾಡಿದ್ರು. ನನ್ನ ಕೇಳಿಲ್ಲ."

"ಅದು ಇವರ ಚಿತ್ರಾನೇ ಅಲ್ಲ," ಅಂದ ಗಿರಿರಾಜ್, ಸಬ್ ಇನ್‌ಸ್ಪೆಕ್ಟರ್ ಕಡೆ ತಿರುಗಿ. "ಕಾಲ್ಪನಿಕ. ಕಲಾವಿದನ ಸ್ವಾತಂತ್ರ್ಯ ಅಂತ ಒಂದಿದೆ. ಕಾಡು, ಹೆಣ್ಣು, ಪ್ರಕೃತಿ..."

ಅಚೋಲ್ ಫೋನ್ ತೆಗೆದು ವಿಡಿಯೋ ಹಾಕಿದಳು. ಕಪ್ಪು ಒರೆಸಿ ಹೋದಂತೆ ಕನ್ನಡಕದ ಮುಖ ಮೇಲೆ ಬರುವ ಕಡೆ ನಿಲ್ಲಿಸಿ, ಫೋನನ್ನು ತನ್ನ ಕೆನ್ನೆಯ ಪಕ್ಕ ಹಿಡಿದುಕೊಂಡು ಸುಮ್ಮನೆ ನಿಂತಳು. ಸಬ್ ಇನ್‌ಸ್ಪೆಕ್ಟರ್ ಫೋನ್ ನೋಡಿದ, ಅವಳನ್ನು ನೋಡಿದ, ಮತ್ತೆ ಫೋನ್ ನೋಡಿದ. ಅವನ ಮುಖದಲ್ಲಿ ಮೊದಲ ಬಾರಿಗೆ ಒಂದು ಬಗೆಯ ಮುಜುಗರ ಕಾಣಿಸಿಕೊಂಡಿತು.

"ಇವ್ರೇ ಅಲ್ವೇನ್ರೀ ಇದು?" ಅಂದ ಗಿರಿರಾಜನಿಗೆ. "ಹೆಣ್ಮಗಳು ಕೋಟ್ ಹಾಕಿ ಕೂತಿದ್ರೆ ನೀವು ಬಿಚ್ಚಿ ಬರ್ದಿದೀರ. ಕೇಸ್ ಆದ್ರೆ ನಿಮ್ಮ ಮೇಲೇ ದೊಡ್ಡದಾಗುತ್ತೆ. ಏನ್ ಮಾಡೋಣ ಹೇಳಿ."

ಆಮೇಲೆ ನಡೆದದ್ದು ಚೌಕಾಸಿ. ಸಂಘಮಿತ್ರಾಳಿಗೆ ಅದು ಅಸಹ್ಯವಾಯಿತು. ಅವನು ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು, ಹನ್ನೆರಡು ಚಿತ್ರಗಳೂ ಗೋಡೆಯಿಂದ ಇಳಿಯಬೇಕು ಎಂದು ಹೇಳಬೇಕೆನಿಸಿತು. ಒಮ್ಮೆ ಬಾಯಿ ತೆರೆದಳು ಕೂಡ. ಅಚೋಲ್ ತಿರುಗಿ ನೋಡಿದಳು. ಬಾಯಿ ಮುಚ್ಚಿತು. ಅಚೋಲಳಿಗೆ ಬೇಕಿದ್ದುದು ಎರಡೇ: ಫೋಟೋಗಳನ್ನೆಲ್ಲ ಅವಳ ಕಣ್ಣೆದುರು ಅಳಿಸಬೇಕು, ಆ ಕ್ಯಾನ್ವಾಸು ಅವಳ ಕೈಗೆ ಬರಬೇಕು. ಗಿರಿರಾಜ್ ಒಪ್ಪಿ ತನ್ನ ದೂರು ಹಿಂದಕ್ಕೆ ಪಡೆದ. ಎರಡೂ ಕಡೆಯವರು ಬರೆದುಕೊಟ್ಟರು. ತಪ್ಪಾಯಿತು ಎಂಬ ಮಾತು ಅವನ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಹೊರಗೆ ಹೋಗುವಾಗ ಸಂಘಮಿತ್ರಾಳ ಮುಂದೆ ನಿಂತು, "ನಾಳೆಯಿಂದ ಬರ್ಬೇಡ," ಅಂದ.

"ಬರ್ತೀನಿ ಅಂತ ಯಾರು ಹೇಳಿದ್ರು," ಅಂದಳು.

ಅವನ ಪ್ರದರ್ಶನ ಸಂಜೆ ನಾಲ್ಕಕ್ಕೆ ಶುರುವಾಯಿತು. ಹನ್ನೊಂದು ಚಿತ್ರಗಳು, ಒಂದು ಖಾಲಿ ಮೊಳೆ. ಮರುದಿನ ಒಂದು ಪತ್ರಿಕೆ ‘ಕಲೆಯ ಮೇಲೆ ದಾಳಿ’ ಎಂದು ಬರೆಯಿತು. ಅದರಲ್ಲಿ ಸಂಘಮಿತ್ರಾ ‘ಅತೃಪ್ತ ಸಹಾಯಕಿ’, ಅಚೋಲ್ ‘ಆಫ್ರಿಕನ್ ರೂಪದರ್ಶಿ’. ಪ್ರಭಾ ಆ ಪುಟವನ್ನು ಓದಿ, ಮಡಚಿ, ಒಲೆಯ ಪಕ್ಕ ಎಣ್ಣೆ ಡಬ್ಬಿಯ ಕೆಳಗೆ ಹಾಸಿದಳು.

ಮಂಗಳವಾರ ಮಧ್ಯಾಹ್ನ ಒಬ್ಬ ಟೆಂಪೋದವನು ಕ್ಯಾನ್ವಾಸು ತಂದು ಗೇಟಿಗೆ ಒರಗಿಸಿ ಹೋದ. ಸಂಘಮಿತ್ರಾ ಅದನ್ನು ತಾರಸಿಗೆ ಹೊತ್ತು ತಂದು ಉಳಿದಿದ್ದ ಕಪ್ಪನ್ನು ಒರೆಸಿದಳು. ಚಿರತೆಯೂ ಎಲೆಗಳೂ ಹೋದವು. ಕೋಟು ಪೂರ್ತಿ ಬಂತು, ಪುಸ್ತಕ ಬಂತು. ಬಿಸಿಲಿನಲ್ಲಿ ಅದನ್ನು ನಿಲ್ಲಿಸಿ ನೋಡಿದಳು. ಇಷ್ಟು ಒಳ್ಳೆಯ ಮುಖವನ್ನು ಅವಳು ಇನ್ನೊಂದು ಬರೆದಿರಲಿಲ್ಲ. ಅಚೋಲ್ ಕಾಲೇಜಿನಿಂದ ಬಂದು ಬ್ಯಾಗು ಇಳಿಸಿ ಚಿತ್ರದ ಮುಂದೆ ನಿಂತಳು.

"ಚೆನ್ನಾಗಿದೆ," ಅಂದಳು. "ಇದನ್ನ ನಾನು ತಗೋತೀನಿ. ಕಟ್ ಮಾಡ್ತೀನಿ."

"ಏನಂದೆ?"

"ಯಾವ ಗೋಡೆ ಮೇಲೂ ನನ್ನ ಮುಖ ಬೇಡ ಅಕ್ಕ. ಕ್ಲಾಸಲ್ಲಿ ಈಗ್ಲೂ ರಾಣಿ ಅಂತಾರೆ."

"ಇದು ನನ್ನ ಅತ್ಯುತ್ತಮ ಕೆಲ್ಸ ಅಚೋಲ್. ನೀನು ಹಾಳು ಮಾಡೋ ಹಾಗಿಲ್ಲ, ಇದು ನಂದು."

ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವಳಿಗೆ ಅದು ಯಾರ ದನಿ ಎಂದು ಗೊತ್ತಾಯಿತು. ಅಚೋಲಳಿಗೂ ಗೊತ್ತಾಗಿತ್ತು. ಅವಳು ಕಾಯುತ್ತ ನಿಂತಳು. ಬೀದಿಯಲ್ಲಿ ಗ್ಯಾಸ್ ಗಾಡಿ ಗಂಟೆ ಬಾರಿಸುತ್ತ ಹೋಯಿತು. ಸಂಘಮಿತ್ರಾ ಕೆಳಗಿಳಿದು ಕಟಿಂಗ್ ಪ್ಲೇಯರ್ ತಂದಳು. ಚೌಕಟ್ಟಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಒಂದು ಮೊಳೆ ಹೆಬ್ಬೆರಳು ಗೀರಿ ರಕ್ತ ಬಂತು. ಕ್ಯಾನ್ವಾಸನ್ನು ಬಿಡಿಸಿ ಸುರುಳಿ ಸುತ್ತಿ ಅಚೋಲಳ ಕೈಗೆ ಕೊಟ್ಟಳು. ಅಚೋಲ್ ಅದನ್ನು ಕೋಣೆಯೊಳಗೆ ಒಯ್ದು ಬಾಗಿಲು ಹಾಕಿಕೊಂಡಳು. ಕತ್ತರಿಸಿದಳೋ ಇಟ್ಟುಕೊಂಡಳೋ, ಸಂಘಮಿತ್ರಾ ಕೇಳಲಿಲ್ಲ. ಅಚೋಲ್ ಹೇಳಲೂ ಇಲ್ಲ. ಊಟಕ್ಕೆ ಕೆಳಗೆ ಬರುವುದನ್ನು ಆ ವಾರ ಪೂರ್ತಿ ನಿಲ್ಲಿಸಿದ್ದಳು. ಪ್ರಭಾ ದಿನವೂ ತಟ್ಟೆಯನ್ನು ಮೇಲಕ್ಕೆ ಒಯ್ದು ಕೊಟ್ಟು ಬರುತ್ತಿದ್ದಳು.

ಸಿಟ್ಟು ಇಳಿಯಲಿಲ್ಲ. ಹಗಲೆಲ್ಲ ಸಂಘಮಿತ್ರಾ ಅದನ್ನು ಹೊತ್ತು ತಿರುಗಿದಳು. ಗಿರಿರಾಜನ ಮೇಲೆ ಎಷ್ಟು ಉರಿಯುತ್ತಿತ್ತೋ ತನ್ನ ಮೇಲೂ ಅಷ್ಟೇ ಉರಿಯುತ್ತಿತ್ತು. ಗೋಡೆಯ ಮೇಲೆ ಇನ್ನೂ ಹನ್ನೊಂದು ಚಿತ್ರಗಳಲ್ಲಿ ಜನ ಈಟಿ ಹಿಡಿದು, ಡೋಲು ಹೊತ್ತು ನಿಂತಿದ್ದರು. ಅವರ ಮೈಯನ್ನೆಲ್ಲ ಬರೆದವಳು ಅವಳು. ಅವರಲ್ಲಿ ಎಷ್ಟು ಜನರ ಹೆಸರು ಗೊತ್ತು ಎಂದು ಕೂತು ಯೋಚಿಸಿದಳು. ಇಬ್ಬರದು. ಉಳಿದವರ ಕಿವಿಯ ತಿರುವು ಗೊತ್ತಿತ್ತು, ಉಗುರಿನ ಬಣ್ಣ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

ಶುಕ್ರವಾರ ಅಪ್ಪನ ಹತ್ತಿರ ಸ್ಕೂಟರ್ ಕೇಳಿ ತೆಗೆದುಕೊಂಡಳು. ಬಸ್ತ್ಯಾಂವ್ ಸಿದ್ದಿ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು ಎಂಬುದು ನೆನಪಿತ್ತು. ಬರೆಯುವಾಗ ಅವನೇ ಹೇಳಿದ್ದ. ಮೂರೂವರೆಗೆ ಶಾಲೆ ಬಿಟ್ಟು ಮಕ್ಕಳೆಲ್ಲ ಚೆಲ್ಲಾಪಿಲ್ಲಿಯಾಗುವವರೆಗೆ ಗೇಟಿನ ಹೊರಗೆ ನಿಂತಳು. ಅವನು ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು, ಚೆಂಡುಗಳ ಬಲೆ ಹೆಗಲಿಗೇರಿಸಿಕೊಂಡು ಬಂದ. ಗುರುತು ಹಿಡಿದು ನಕ್ಕ.

"ಚಿತ್ರದ ಮೇಡಂ ಅಲ್ವಾ? ನಮ್ಮ ಚಿತ್ರ ಮುಗೀತಾ? ಹೆಂಡ್ತಿಗೆ ಹೇಳಿಟ್ಟಿದೇನೆ, ನೀಲಿ ಅಂಗೀಲಿ ಚಂದ ಬಂದಿರ್ತದೆ ಅಂತ."

ಸಂಘಮಿತ್ರಾ ಸ್ಕೂಟರಿನ ಸ್ಟ್ಯಾಂಡ್ ಹಾಕಿದಳು. ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ನಿಲ್ಲಲಿಲ್ಲ.

"ಮುಗ್ದಿದೆ," ಅಂದಳು. "ಅಂಗಿ ಇಲ್ಲ ಅದ್ರಲ್ಲಿ. ನಿಮ್ಮನ್ನ ಕೇಳ್ದೆ ತೆಗೆದಿದಾರೆ. ಮೊದ್ಲು ಬರ್ದೋಳು ನಾನು, ಅವ್ರಿಗೆ ಬರ್ದುಕೊಟ್ಟೆ. ಅದು ನನ್ನ ತಪ್ಪು. ಫೋಟೋ ತಂದಿದೀನಿ. ನೋಡ್ಬೇಕು ಅನ್ಸಿದ್ರೆ ತೋರಿಸ್ತೀನಿ. ಆಮೇಲೆ ಏನು ಮಾಡ್ಬೇಕು ಅಂತ ನೀವು ಹೇಳಿ."

ಅವನ ನಗು ನಿಧಾನ ಆರಿತು. ಚೆಂಡುಗಳ ಬಲೆಯನ್ನು ನೆಲಕ್ಕಿಳಿಸಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚಿದ.

"ಕೊಡಿ ಇಲ್ಲಿ," ಅಂದ.